ಅಪ್‌ಡೇಟ್: 14 ಸೆಕೆಂಡಿನ ಹುಳಿ ಎಸ್ಪ್ರೆಸೊ ಈಗ ಸರಿಹೋಯಿತು

ಕಳೆದ ತಿಂಗಳು ನಾನು ಕೇಳಿದ್ದು ಇದು: ಮನೆಯ ಮಷಿನ್‌ನಲ್ಲಿ ಎಸ್ಪ್ರೆಸೊ 14 ಸೆಕೆಂಡಿಗೇ ಇಳಿದುಬಿಡುತ್ತದೆ, ಕುಡಿದರೆ ವಿಪರೀತ ಹುಳಿ, ಇನ್ನೂ ಸ್ವಲ್ಪ ಹೊತ್ತು ಬಿಡಲೇ? "ಹೊತ್ತು ಬಿಡಬೇಡಿ, ಪುಡಿ ಸಣ್ಣ ಮಾಡಿ" ಅಂದವರಿಗೆ ತುಂಬಾ ಥ್ಯಾಂಕ್ಸ್. ನಿಮ್ಮ ಮಾತೇ ಸರಿ.

ಮೊದಲು ಸುಮ್ನೆ 28 ಸೆಕೆಂಡಿನ ತನಕ ಬಿಟ್ಟು ನೋಡಿದೆ. ಕಪ್ ತುಂಬಿತು, ರುಚಿ ನೀರುನೀರಾಯಿತು. ಆಮೇಲೆ ತಕ್ಕಡಿ ಇಟ್ಟುಕೊಂಡು ಕೂತೆ. ಪುಡಿ 18 ಗ್ರಾಂ, ಕಪ್‌ಗೆ ಇಳಿಯುವ ಕಾಫಿ 36 ಗ್ರಾಂ. ಇವೆರಡನ್ನೂ ಬದಲಿಸಲಿಲ್ಲ. ಗ್ರೈಂಡರನ್ನು ಮಾತ್ರ ಒಂದೊಂದೇ ಹಂತ ಸಣ್ಣಕ್ಕೆ ತಿರುಗಿಸುತ್ತಾ ಹೋದೆ. 21 ಸೆಕೆಂಡಿಗೆ ಬಂದಾಗ ಹುಳಿ ಇಳಿಯಿತು. 28ಕ್ಕೆ ಬಂದಾಗ ಸಿಹಿಯೂ ಸಿಕ್ಕಿತು, ಕುಡಿದ ಮೇಲೂ ಬಾಯಲ್ಲಿ ಬೆಲ್ಲದಂಥ ರುಚಿ ಉಳಿಯಿತು. ಅದೇ ಚಿಕ್ಕಮಗಳೂರಿನ ಅರೇಬಿಕಾ ಬೀಜ! ಎಷ್ಟು ಖುಷಿಯಾಯಿತು ಗೊತ್ತಾ? ಇನ್ನೂ ಸಣ್ಣ ಮಾಡಿದೆ. 42 ಸೆಕೆಂಡು ತೊಟ್ಟು ತೊಟ್ಟಾಗಿ ಇಳಿಯಿತು. ಬರೀ ಕಹಿ, ನಾಲಿಗೆಯೆಲ್ಲ ಒಗರು.

ಹುಳಿ ನೀರಿಗೆ ಬೇಗ ಬಿಡುತ್ತದೆ, ಕಹಿ ನಿಧಾನ. ಅದಕ್ಕೇ ಹೀಗೆ, ಅಲ್ವಾ?

ಒಂದು ಹೊಸ ವಿಷಯವೂ ತಿಳಿಯಿತು. ಹುರಿದು ಐದು ವಾರವಾದ ಮೇಲೆ ಅದೇ ಬೀಜ, ಅದೇ ಸೆಟ್ಟಿಂಗ್‌ನಲ್ಲಿ 22 ಸೆಕೆಂಡಿಗೇ ಇಳಿಯತೊಡಗಿತು. ಬೀಜದೊಳಗಿನ ಗ್ಯಾಸ್ ಹೋದಂತೆ ನೀರಿಗೆ ತಡೆ ಕಡಿಮೆಯಾಗುತ್ತದಂತೆ. ಈಗ ಆಗಾಗ ಒಂದು ಹಂತ ಸಣ್ಣ ಮಾಡಿಕೊಳ್ಳುತ್ತೇನೆ. ಅಮ್ಮನಿಗೆ ಹಾಲು ಜಾಸ್ತಿ ಬೇಕು, ಅವರ ಕಪ್‌ಗೆ 32 ಸೆಕೆಂಡೇ ಚೆನ್ನ.