ವಿಂಡೋಸ್ 10 ನಿಂತಿತು, ನುಡಿ ಕಡತಗಳು ಉಳಿದವು: ಯಂತ್ರ ಬದಲಿಸಲೇ, ಇನ್ನೊಂದು ವರ್ಷ ತಡೆಯಲೇ?

ಪ್ರಶ್ನೆ: ಡಿಟಿಪಿಯವನು, ತುಮಕೂರು

ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿ ನನ್ನದೊಂದು ಚಿಕ್ಕ ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ತಿಥಿಯ ಕಾರ್ಡು, ಸಹಕಾರ ಸಂಘಗಳ ವಾರ್ಷಿಕ ವರದಿ, ಇವೇ ನನ್ನ ಕಸುಬು. ವಿಂಡೋಸ್ 98ರಿಂದ ಇಲ್ಲಿಯವರೆಗೆ ಬೇರೆ ವ್ಯವಸ್ಥೆಯನ್ನು ಮುಟ್ಟಿದವನಲ್ಲ. ಎಕ್ಸ್‌ಪಿ ಬಂದಾಗ ‘ತುಂಗಾ’ ಎಂಬ ಕನ್ನಡ ಫಾಂಟು ಅದರ ಹೊಟ್ಟೆಯೊಳಗೇ ಇದ್ದುದನ್ನು ಕಂಡು ಹಿಗ್ಗಿದವರಲ್ಲಿ ನಾನೂ ಒಬ್ಬ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಬರುತ್ತಿದ್ದ ಭದ್ರತಾ ಅಪ್‌ಡೇಟುಗಳು ನಿಂತವು. ಅದಾಗಿ ಎರಡೇ ದಿನಕ್ಕೆ, 16ರಂದು, ಮೈಕ್ರೋಸಾಫ್ಟ್‌ನವರು ವಿಂಡೋಸ್ 11 ಇರುವ ಪ್ರತಿಯೊಂದು ಕಂಪ್ಯೂಟರನ್ನೂ ಕೃತಕ ಬುದ್ಧಿಮತ್ತೆಯ ಕಂಪ್ಯೂಟರನ್ನಾಗಿ ಮಾಡುತ್ತೇವೆಂದು ಪ್ರಕಟಿಸಿದರು. ‘ಹೇ ಕೋಪೈಲಟ್’ ಎಂದು ಕೂಗಿದರೆ ಓಗೊಡುತ್ತದೆಯಂತೆ, ತೆರೆಯ ಮೇಲಿರುವುದನ್ನು ನೋಡಿ ದಾರಿ ಹೇಳುತ್ತದೆಯಂತೆ. ನಾನು ಆ ಪ್ರಕಟಣೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ನನ್ನ ಅಂಗಡಿಯಲ್ಲಿ ಯಂತ್ರದೊಡನೆ ಮಾತನಾಡುವ ಪ್ರಸಂಗವೇ ಬರುವುದಿಲ್ಲ. ಮಾತೆಲ್ಲ ನಡೆಯುವುದು ಪಕ್ಕದ ಸ್ಟೂಲಿನ ಮೇಲೆ ಕುಳಿತು ತೆರೆಗೆ ಬೆರಳಿಟ್ಟು, “ನಮ್ಮ ದೊಡ್ಡಪ್ಪನ ಹೆಸರು ಒಂದು ಸಾಲು ಮೇಲೆ ಬರಲಿ ಸ್ವಾಮಿ, ಇಲ್ಲದಿದ್ದರೆ ಮದುವೆಗೇ ಬರುವುದಿಲ್ಲ” ಎನ್ನುವ ಗಿರಾಕಿಯೊಡನೆ.

ನನ್ನ ಯಂತ್ರದಲ್ಲಿರುವುದು ಆರನೆಯ ತಲೆಮಾರಿನ ಇಂಟೆಲ್ ಐ5 ಪ್ರೊಸೆಸರ್. ವಿಂಡೋಸ್ 11ಕ್ಕೆ ಎಂಟನೆಯ ತಲೆಮಾರಾದರೂ ಬೇಕೆನ್ನುತ್ತಾರೆ. ಎಸ್‌ಎಸ್‌ಡಿ ಹಾಕಿಸಿದ ಮೇಲೆ ಅದರ ಕೆಲಸದಲ್ಲಿ ಒಂದು ಕೊರತೆಯೂ ಕಂಡಿಲ್ಲ. ಆದರೆ ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಕೆಲಸವೆಲ್ಲ ಪೇಜ್‌ಮೇಕರ್ ಎಂಬ ಹಳೆಯ ಪುಟವಿನ್ಯಾಸ ತಂತ್ರಾಂಶದಲ್ಲಿ, ಕನ್ನಡ ಬೆರಳಚ್ಚಿನ ‘ನುಡಿ’ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಇದೆ. ಯಂತ್ರ ಬದಲಿಸಿದರೆ ಅವು ತೆರೆಯುತ್ತವೆಯೇ? ಬದಲಿಸದೆ ಒಂದು ವರ್ಷ ತಳ್ಳಬಹುದೇ? ಅನುಭವವಿದ್ದವರು ತಿಳಿಸಬೇಕು.

ಉತ್ತರ 1: ಕಂಪ್ಯೂಟರ್ ರಿಪೇರಿ, ಬಿ.ಎಚ್. ರಸ್ತೆ

ಸರ್, ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ಸುಲಭ. ಸ್ವಂತ ಬಳಕೆಯ ಕಂಪ್ಯೂಟರುಗಳಿಗೆ 2026ರ ಅಕ್ಟೋಬರ್ 13ರವರೆಗೆ ವಿಸ್ತರಿತ ಭದ್ರತಾ ಅಪ್‌ಡೇಟು ಕೊಡುವುದಾಗಿ ಕಂಪನಿ ಹೇಳಿದೆ. 30 ಡಾಲರ್ ಕಟ್ಟಬಹುದು, ಅಥವಾ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ವಿಂಡೋಸ್ ಬ್ಯಾಕಪ್ ಮೂಲಕ ಸೆಟ್ಟಿಂಗುಗಳನ್ನು ಸಿಂಕ್ ಮಾಡಿದರೆ ದುಡ್ಡಿಲ್ಲದೆಯೂ ಸಿಗುತ್ತದೆ. ವಿಂಡೋಸ್ 10ರ 22ಎಚ್2 ಆವೃತ್ತಿ ಇರಲೇಬೇಕು. ಆ ಅವಧಿಯಲ್ಲಿ ಸಿಗುವುದು ಭದ್ರತೆಯ ತೇಪೆ ಮಾತ್ರ, ಹೊಸ ಸೌಲಭ್ಯ ಯಾವುದೂ ಇಲ್ಲ. ನಿಮ್ಮ ಮಾತು ಕೇಳಿದರೆ ಅದು ನಿಮಗೆ ನಷ್ಟವೆಂದು ತೋರುವುದಿಲ್ಲ.

ಟಿಪಿಎಂ 2.0 ಎಂಬ ಭದ್ರತಾ ಚಿಪ್ಪಿನ ಮತ್ತು ಪ್ರೊಸೆಸರಿನ ಷರತ್ತನ್ನು ಬೈಪಾಸ್ ಮಾಡಿ ವಿಂಡೋಸ್ 11 ಹಾಕಿಕೊಡಿ ಎಂದು ನನ್ನ ಬಳಿಯೂ ದಿನಕ್ಕೊಬ್ಬರು ಬರುತ್ತಾರೆ. ಹಾಕಬಹುದು, ಓಡುತ್ತದೆ. ಆದರೆ ಅಂಥ ಯಂತ್ರಕ್ಕೆ ಮುಂದೆ ಅಪ್‌ಡೇಟು ಬಂದೇ ಬರುತ್ತದೆಂಬ ಖಾತರಿಯನ್ನು ಕಂಪನಿ ಕೊಡುವುದಿಲ್ಲ. ಶ್ರಾವಣದಲ್ಲೋ ಮಾಘದಲ್ಲೋ, ಲಗ್ನಪತ್ರಿಕೆಯ ಕೆಲಸ ತಲೆಯ ಮೇಲೆ ಕುಳಿತಿರುವಾಗ ಕೈಕೊಟ್ಟರೆ ನಾನಂತೂ ಜವಾಬ್ದಾರನಲ್ಲ. ದುಡಿಮೆಯ ಯಂತ್ರಕ್ಕೆ ಅದು ಬೇಡ. ಬೇಕಾದರೆ ಎಂಟನೆಯ ತಲೆಮಾರಿನ ಸೆಕೆಂಡ್ ಹ್ಯಾಂಡ್ ಆಫೀಸ್ ಯಂತ್ರವೊಂದನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸಿಕೊಳ್ಳಿ.

ಉತ್ತರ 2: ಮಂಡಿ ಲೆಕ್ಕದವನು, ತಿಪಟೂರು

ಮೇಲಿನವರು ಹೇಳಿದ್ದು ಸರಿ. ಆದರೆ ಹೊಸದಕ್ಕೆ ಹೋಗುವ ಮುನ್ನ ನಿಮ್ಮಲ್ಲಿರುವುದು 32 ಬಿಟ್‌ನ ವಿಂಡೋಸೋ 64 ಬಿಟ್‌ನದೋ ನೋಡಿಕೊಳ್ಳಿ. ವಿಂಡೋಸ್ 11ರಲ್ಲಿ 32 ಬಿಟ್ ಆವೃತ್ತಿಯೇ ಇಲ್ಲ, ಹಾಗಾಗಿ 32 ಬಿಟ್‌ನ ವಿಂಡೋಸಿನಲ್ಲಿ ಓಡುತ್ತಿದ್ದ 16 ಬಿಟ್‌ನ ಹಳೆಯ ಡಾಸ್ ತಂತ್ರಾಂಶಗಳು ಅದರಲ್ಲಿ ನೇರವಾಗಿ ಓಡುವುದೇ ಇಲ್ಲ. ನಮ್ಮ ಕೊಬ್ಬರಿ ಮಂಡಿಯ ಪಟ್ಟಿ ಬರೆಯುವ ತಂತ್ರಾಂಶ ಡಾಸ್ ಕಾಲದ್ದು. ಕ್ವಿಂಟಾಲು, ದರ, ಕಮಿಷನ್ನು, ಹಮಾಲಿ ಎಲ್ಲ ಒಂದೇ ಉಸಿರಿಗೆ ಲೆಕ್ಕ ಹಾಕಿ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ ಕಳಿಸುತ್ತದೆ. ಹೊಸ ಯಂತ್ರ ತಂದ ದಿನ ಅದು ತೆರೆಯಲೇ ಇಲ್ಲ. ಡಾಸ್ ತಂತ್ರಾಂಶಗಳನ್ನು ಹೊಸ ಯಂತ್ರದಲ್ಲಿ ಓಡಿಸುವ ಡಾಸ್‌ಬಾಕ್ಸ್ ಹಾಕಿದ ಮೇಲೆ ತೆರೆಯಿತು, ಆದರೆ ಅದು ಮೂಲತಃ ಆಟಗಳಿಗಾಗಿ ಮಾಡಿದ್ದು, ಪ್ರಿಂಟಿನ ವ್ಯವಸ್ಥೆ ಅದರಲ್ಲಿಲ್ಲ. ಹರಾಜಿನ ದಿನ ಪಟ್ಟಿಗಳನ್ನು ಕೈಯಲ್ಲೇ ಬರೆದೆವು. ಹಳೆಯ ಯಂತ್ರವನ್ನು ಇಂಟರ್‌ನೆಟ್ಟಿನ ತಂತಿ ಕಿತ್ತು ಮೂಲೆಯಲ್ಲಿ ಇಟ್ಟುಕೊಂಡಿದ್ದೇವೆ, ಈಗಲೂ ಪಟ್ಟಿ ಬರುವುದು ಅದರಿಂದಲೇ.

ಉತ್ತರ 3: ಕನ್ನಡ ಅಧ್ಯಾಪಕಿ, ಚಿಕ್ಕನಾಯಕನಹಳ್ಳಿ

ಪ್ರಶ್ನೆ ಕೇಳಿದವರ ಸಿಟ್ಟು ನನಗೆ ಅರ್ಥವಾಗುತ್ತದೆ, ಆದರೆ ಅದು ತಪ್ಪು ಕಡೆಗೆ ತಿರುಗಿದೆ ಎನ್ನಿಸುತ್ತದೆ. ನಿಮ್ಮ ಕಡತಗಳು ಕಷ್ಟಕ್ಕೆ ಸಿಕ್ಕಿರುವುದು 2025ರ ಅಕ್ಟೋಬರಿನಲ್ಲಲ್ಲ, ಯೂನಿಕೋಡ್ ಕನ್ನಡ (ಪ್ರತಿ ಅಕ್ಷರಕ್ಕೂ ಎಲ್ಲ ಯಂತ್ರಗಳಲ್ಲೂ ಒಂದೇ ಸಂಕೇತವಿರುವ ಪದ್ಧತಿ) ಎಕ್ಸ್‌ಪಿಯಲ್ಲೇ ಬಂದಿದ್ದರೂ ನಾವೆಲ್ಲ ಹಳೆಯ ಫಾಂಟಿನಲ್ಲೇ ಬೆರಳಚ್ಚು ಮಾಡುತ್ತ ಕುಳಿತ ಆ ವರ್ಷಗಳಲ್ಲಿ. ನಮ್ಮನ್ನು ದೂರುವಂತಿರಲಿಲ್ಲ, ಪೇಜ್‌ಮೇಕರ್‌ಗೆ ಯೂನಿಕೋಡ್ ಬಾರದು. ಹಳೆಯ ನುಡಿ ಫಾಂಟಿನ ಕಡತದಲ್ಲಿ ಕನ್ನಡವೆಂಬುದು ನಿಜವಾಗಿ ಇಲ್ಲ. ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೆ ಕನ್ನಡದ ಚಿತ್ರಗಳನ್ನು ತೊಡಿಸಲಾಗಿದೆ. ಫಾಂಟು ತೆಗೆದರೆ ಉಳಿಯುವುದು ತಲೆಯ ಮೇಲೆ ಗೀಟು, ಚುಕ್ಕೆ ಹೊತ್ತ ರೋಮನ್ ಅಕ್ಷರಗಳ ಸಾಲು. ಪಿಡಿಎಫ್ ಮಾಡಿಟ್ಟರೆ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ, ಹುಡುಕಲು ಹೋದರೆ ಒಂದು ಪದವೂ ಸಿಗುವುದಿಲ್ಲ.

ನುಡಿಯಲ್ಲೂ ‘ಬರಹ’ ಎಂಬ ತಂತ್ರಾಂಶದಲ್ಲೂ ಯೂನಿಕೋಡಿಗೆ ಪರಿವರ್ತಿಸುವ ಸೌಲಭ್ಯವಿದೆ. ಆದರೆ ಕಣ್ಣಿಟ್ಟು ನೋಡಬೇಕಾದದ್ದು ಅರ್ಕಾವತ್ತನ್ನು. ಹಳೆಯ ಪದ್ಧತಿಯಲ್ಲಿ ಅರ್ಕಾವತ್ತಿನ ಗುರುತು ಅಕ್ಷರದ ನಂತರ ಕೂರುತ್ತದೆ, ಯೂನಿಕೋಡಿನಲ್ಲಿ ‘ರ್’ ಮೊದಲು ಬರಬೇಕು. ಪರಿವರ್ತಕ ಅದನ್ನು ಹಿಂದಕ್ಕೆ ಒಯ್ಯದಿದ್ದರೆ ‘ವರ್ಷ’ ಹೋಗಿ ‘ವಷರ್’ ಆಗುತ್ತದೆ, ‘ಕಾರ್ಯಕ್ರಮ’ ಹೋಗಿ ‘ಕಾಯರ್ಕ್ರಮ’ ಆಗುತ್ತದೆ. ಅಂತರ್ಜಾಲದ ಕನ್ನಡ ಪುಟಗಳಲ್ಲಿ ಇವನ್ನು ನೋಡಿ ನೋಡಿ ಸಾಕಾಗಿದೆ. ನಡುವೆ ಬಂದ ಇಂಗ್ಲಿಷ್ ಪದಗಳೂ ಪರಿವರ್ತಕದ ಕೈಗೆ ಸಿಕ್ಕಿ ಅರ್ಥವಿಲ್ಲದ ಕನ್ನಡವಾಗುತ್ತವೆ, ಅವನ್ನು ಬೇರೆ ಮಾಡಿಯೇ ಕೊಡಬೇಕು.

ಪುಟವಿನ್ಯಾಸಕ್ಕೆ ಇನ್‌ಡಿಸೈನ್ 2012ರ ಸಿಎಸ್6ರಿಂದಲೇ ಕನ್ನಡವನ್ನು ಸರಿಯಾಗಿ ಕೂರಿಸುತ್ತದೆ. ದುಡ್ಡು ಹಾಕಲು ಮನಸ್ಸಿಲ್ಲದಿದ್ದರೆ ಸ್ಕ್ರೈಬಸ್‌ನ 1.6 ಇದೆ. ಪೇಜ್‌ಮೇಕರ್‌ನ ಕಡತವನ್ನು ಸುಮ್ಮನೆ ತೆರೆದು ನೋಡುವುದಕ್ಕಾದರೆ ಲಿಬ್ರೆಆಫೀಸ್ ಸಾಕು. ವಿನ್ಯಾಸ ಅಲ್ಲಲ್ಲಿ ಕದಡಬಹುದು, ಅಕ್ಷರಗಳು ಕೈಗೆ ಸಿಗುತ್ತವೆ.

ಪ್ರಶ್ನೆ ಕೇಳಿದವನಿಂದ

ಮೂವರಿಗೂ ವಂದನೆಗಳು. ನಿನ್ನೆ ರಾತ್ರಿ ಅಂಗಡಿಯ ಬಾಗಿಲು ಎಳೆದುಕೊಂಡು ಪರೀಕ್ಷೆ ಮಾಡಿದೆ. ನನ್ನದು 64 ಬಿಟ್, ಆ ಭಯವಿಲ್ಲ. ಶಿವರಾತ್ರಿ ಜಾತ್ರೆಯ ಹಳೆಯ ಕರಪತ್ರವೊಂದನ್ನು ಲಿಬ್ರೆಆಫೀಸಿನಲ್ಲಿ ತೆರೆದು, ಅಕ್ಷರ ತೆಗೆದು, ಪರಿವರ್ತಿಸಿದೆ. ಮೇಡಂ ಹೇಳಿದಂತೆ ‘ಕಾಯರ್ಕ್ರಮ’ ಮೂರು ಕಡೆ ಸಿಕ್ಕಿತು. ‘ಧರ್ಮದರ್ಶಿಗಳು’ ಎಂಬುದು ‘ಧಮರ್ದಶಿರ್ಗಳು’ ಆಗಿತ್ತು. ಹಾಗೆಯೇ ಅಚ್ಚು ಮಾಡಿಕೊಟ್ಟಿದ್ದರೆ ಊರಿನಲ್ಲಿ ಮುಖ ತೋರಿಸುವಂತಿರಲಿಲ್ಲ.

ಹಾಗಾಗಿ ವಿಸ್ತರಿತ ಅಪ್‌ಡೇಟಿಗೆ ಈಗಲೇ ನೋಂದಾಯಿಸಿಕೊಂಡಿದ್ದೇನೆ. ಎಲ್ಲ ಕಡತಗಳನ್ನೂ ಪರಿವರ್ತಿಸುವ ಆಸೆ ಬಿಟ್ಟೆ. ಮಗನ ಮದುವೆಗೆ ಬಂದವರು “ಮಗಳ ಮದುವೆಗೆ ಹಾಕಿದ್ದ ಹಾಗೆಯೇ ಹಾಕಿಕೊಡಿ” ಎಂದು ಕೇಳುವ ಲಗ್ನಪತ್ರಿಕೆಗಳು, ಪ್ರತಿವರ್ಷ ಮರಳಿ ಬರುವ ಜಾತ್ರೆಯ ಕರಪತ್ರಗಳು, ಸಂಘಗಳ ವರದಿಗಳು, ಇಷ್ಟನ್ನು ಮಾತ್ರ ದಿನಕ್ಕೆ ಎರಡರಂತೆ ಮಾಡುತ್ತೇನೆ. ತಿಥಿಯ ಕಾರ್ಡುಗಳನ್ನು ಪಿಡಿಎಫ್ ಆಗಿಯೇ ಬಿಡುತ್ತೇನೆ.

ಒಂದು ಅನುಮಾನ ಉಳಿದಿದೆ. ಅರ್ಕಾವತ್ತಿನ ಈ ತಪ್ಪುಗಳನ್ನು ಒಟ್ಟಿಗೆ ಹುಡುಕಿ ಬದಲಿಸುವ ಪಟ್ಟಿಯನ್ನು ಯಾರಾದರೂ ಮಾಡಿಟ್ಟುಕೊಂಡಿದ್ದರೆ ದಯವಿಟ್ಟು ಇಲ್ಲಿ ಹಾಕಿ. ನನ್ನದು ಸದ್ಯಕ್ಕೆ ನಲವತ್ತು ಪದಗಳವರೆಗೆ ಬಂದಿದೆ.