ಸಹಾಯ ಬೇಕು: ಬಣ್ಣ ಮುಗಿಸಿದ ರೈನೋ ಮೇಲೆ ಬಿಳಿ ಮಸುಕು

ಎಲ್ಲರಿಗೂ ನಮಸ್ಕಾರ. ವಾರ್‌ಹ್ಯಾಮರ್ 40,000 ಎಂಬ, ಪುಟ್ಟ ಮಾದರಿಗಳನ್ನು ಮೇಜಿನ ಮೇಲಿಟ್ಟು ಆಡುವ ಯುದ್ಧದಾಟಕ್ಕೆಂದು ಒಂದು ರೈನೋ (ಸೈನಿಕರನ್ನು ಸಾಗಿಸುವ ಕವಚದ ಗಾಡಿ) ಮಾದರಿಗೆ ಬಣ್ಣ ಹಚ್ಚುತ್ತಿದ್ದೇನೆ. ಕೊನೇ ಹಂತದಲ್ಲಿ ಕೆಟ್ಟಿದೆ.

ಕಪ್ಪು ಪ್ರೈಮರ್ ಮೇಲೆ ಕಡು ಹಸಿರು ಅಕ್ರಿಲಿಕ್ ಅನ್ನು ತೆಳುವಾಗಿ ಮೂರು ಸಲ ಹಚ್ಚಿದೆ. ಬಳಸಿ ಬಣ್ಣ ಕಿತ್ತುಬಂದಂತೆ ಕಾಣಲೆಂದು ಸ್ಪಂಜಿನ ಚೂರಿನಲ್ಲಿ ಕಡು ಕಂದು ಅದ್ದಿ, ಕಾಗದಕ್ಕೆ ಒರೆಸಿ, ಅಂಚುಗಳಿಗೆ ಮೆಲ್ಲಗೆ ಒತ್ತಿದೆ. ಹ್ಯಾಚಿನ (ಒಳಗಿಳಿಯುವ ಬಾಗಿಲಿನ) ಸುತ್ತ, ಸೈನಿಕರ ಬೂಟು ತಾಗುವಲ್ಲಿ ಮಾತ್ರ ಹೆಚ್ಚು. ಎಲ್ಲೆಂದರಲ್ಲಿ ಒತ್ತಿದರೆ ದುಡಿದ ಗಾಡಿಯಂತಲ್ಲ, ಎಲೆಚುಕ್ಕಿ ರೋಗ ಬಂದ ಅಡಿಕೆ ಸೋಗೆಯಂತೆ ಕಾಣುತ್ತದೆ. ಆಮೇಲೆ ಗ್ಲಾಸ್ (ಹೊಳಪಿನ) ವಾರ್ನಿಶ್. ಅದು ಒಣಗಿದ ಮೇಲೆ ಬರ್ನ್ಟ್ ಅಂಬರ್ ಎಂಬ ಕಡು ಕಂದು ಆಯಿಲ್ ಬಣ್ಣವನ್ನು ವೈಟ್ ಸ್ಪಿರಿಟ್‌ನಲ್ಲಿ ತೆಳುಮಾಡಿ ರಿವೆಟ್‌ಗಳ ಸುತ್ತ ಬಿಟ್ಟೆ (ಇದಕ್ಕೇ ಆಯಿಲ್ ವಾಶ್ ಅನ್ನುವುದು). ಅಲ್ಲಿವರೆಗೆ ಮನಸ್ಸು ತುಂಬುವಂತೆ ಬಂದಿತ್ತು.

ನಾನಿರುವುದು ಮಂಗಳೂರಿನಲ್ಲಿ. ಮೊನ್ನೆ ಮಳೆ ಬಿಟ್ಟ ಹೊತ್ತು ನೋಡಿ ಬಾಲ್ಕನಿಯಲ್ಲಿ ಮ್ಯಾಟ್ (ಹೊಳಪಿಲ್ಲದ) ವಾರ್ನಿಶ್ ಸ್ಪ್ರೇ ಹೊಡೆದೆ. ಬೆಳಿಗ್ಗೆ ನೋಡಿದರೆ ಮೇಲ್ಭಾಗವೆಲ್ಲ ಬೂದಿ ಬಳಿದಂತೆ ಬೆಳ್ಳಗಾಗಿದೆ. ಮಳೆ ನಿಂತರೂ ಗಾಳಿಯ ತೇವ ಹೋಗಿರಲಿಲ್ಲ, ನಾನು ಕಾಯಬೇಕಿತ್ತು.

ಇದರ ಮೇಲೆ ಕುಂಚದಿಂದ ಗ್ಲಾಸ್ ವಾರ್ನಿಶ್ ಹಚ್ಚಿದರೆ ಮಸುಕು ಇಳಿಯುತ್ತದೆ ಅನ್ನುತ್ತಾರೆ. ಮಾಡಿ ನೋಡಿದವರು ಯಾರಾದರೂ ಇದ್ದೀರಾ? ಅಡಿಯ ಆಯಿಲ್ ವಾಶ್ ಕದಡುವುದಿಲ್ಲವಲ್ಲ? ಮೂರು ವಾರದ ಕೆಲಸ, ಪೂರ್ತಿ ತೊಳೆದು ಮತ್ತೆ ಶುರು ಮಾಡಲು ಮನಸ್ಸಿಲ್ಲ.

ಇನ್ನೊಂದು ವಿಷಯ. ಟ್ರ್ಯಾಕುಗಳಿಗೆ (ಗಾಡಿಯ ಚಕ್ರಗಳನ್ನು ಸುತ್ತುವ ಪಟ್ಟಿಗಳಿಗೆ) ನಮ್ಮ ಮುರಕಲ್ಲಿನ ಕೆಂಪು ಮಣ್ಣಿನ ಬಣ್ಣದ ಪಿಗ್ಮೆಂಟ್ ಪುಡಿ ಹಾಕಬೇಕೆಂದಿದ್ದೇನೆ. ವಾರ್ನಿಶ್ ಹೊಡೆದರೆ ಪುಡಿ ಮಂಕಾಗುತ್ತದೆ, ಬಿಟ್ಟರೆ ಆಡುವಾಗ ಕೈಗೆ ಅಂಟುತ್ತದೆ. ಮಳೆಗಾಲದಲ್ಲೇ ಕೆಲಸ ಮಾಡುವ ಕರಾವಳಿಯವರು ಈ ಪುಡಿಯನ್ನು ಉದುರದಂತೆ ಹೇಗೆ ನಿಲ್ಲಿಸುತ್ತೀರಿ, ದಯವಿಟ್ಟು ತಿಳಿಸಿ.