ಸೈಕಲ್ಲಿನ ‘ಕತ್ತರಿ’: ಈ ಪದದ ವಯಸ್ಸೆಷ್ಟು, ಗಡಿ ಯಾವುದು?

ಕಳೆದ ವಾರ ಕಲಬುರಗಿಯಲ್ಲಿ ತರಗತಿಯೊಂದಕ್ಕೆ ‘ಹುಡುಗ ಕತ್ತರಿ ಹೊಡೆಯುತ್ತ ಕೆರೆಯ ತನಕ ಹೋದ’ ಎಂಬ ವಾಕ್ಯವನ್ನು ಓದಿ ಹೇಳುತ್ತಿದ್ದಾಗ, ಮುಂದಿನ ಬೆಂಚಿನ ವಿದ್ಯಾರ್ಥಿನಿಯೊಬ್ಬಳು ‘ಸರ್, ಆಂವ ಏನ್ ಕತ್ರಿಸ್ದ?’ ಎಂದು ಕೇಳಿದಳು. ತರಗತಿಯಲ್ಲಿ ಯಾರೂ ನಗಲಿಲ್ಲ. ಎಲ್ಲರಿಗೂ ಇದ್ದ ಸಂಶಯವೇ ಅದು. ಆದ್ದರಿಂದ ಈ ಪದವನ್ನು ಚರ್ಚೆಗೆ ಇಡುತ್ತಿದ್ದೇನೆ.

ಅರ್ಥವನ್ನು ಮೊದಲು ಹೇಳಿಬಿಡುತ್ತೇನೆ. 22 ಅಥವಾ 24 ಅಂಗುಲದ ದೊಡ್ಡವರ ಸೈಕಲ್ಲಿನ ಗದ್ದಿಗೆ ಎಟುಕದ ಮಗು, ಎಡಗೈಯಲ್ಲಿ ಹ್ಯಾಂಡಲ್ ಹಿಡಿದು, ಬಲಗೈಯಿಂದ ದಂಡವನ್ನು ತಬ್ಬಿ, ದಂಡದ ಕೆಳಗಿನ ತ್ರಿಕೋನದೊಳಗಿಂದ ಬಲಗಾಲನ್ನು ಆಚೆಯ ಪೆಡಲಿಗೆ ತೂರಿಸಿ, ತಾನು ಎಡಕ್ಕೂ ಸೈಕಲ್ಲು ಬಲಕ್ಕೂ ವಾಲಿದಂತೆ ತುಳಿಯುವುದೇ ಕತ್ತರಿ. ಆ ದಿನಗಳಲ್ಲಿ ಯಾರು ಕತ್ತರಿ ಕಲಿಯುತ್ತಿದ್ದಾರೆಂದು ತಿಳಿಯಲು ಬಲಗಾಲಿನ ಒಳಮೀನಖಂಡದ ಮೇಲೆ ಚೈನಿನ ಎಣ್ಣೆ ಮೂಡಿಸಿದ ಕಪ್ಪು ಹಲ್ಲಿನ ಗುರುತೇ ಸಾಕಾಗಿತ್ತು. ಬಳಕೆಯ ಒಂದು ಸೂಕ್ಷ್ಮವನ್ನೂ ಗಮನಿಸಬೇಕು: ‘ಕತ್ತರಿ ಹಾಕು’ ಎಂದರೆ ಕಡಿತ ಮಾಡು, ‘ಕತ್ತರಿ ಹೊಡಿ’ ಎಂದರೆ ಸೈಕಲ್ ತುಳಿ, ಇಲ್ಲಿ ಅರ್ಥವನ್ನು ಬೇರ್ಪಡಿಸುವುದು ನಾಮಪದವಲ್ಲ, ಕ್ರಿಯಾಪದ.

ಪದದ ವಯಸ್ಸನ್ನು ಸೈಕಲ್ಲಿನ ರಚನೆಯಿಂದಲೇ ಒಂದಿಷ್ಟು ಲೆಕ್ಕ ಹಾಕಬಹುದು. 1817ರಲ್ಲಿ ಜರ್ಮನಿಯ ಕಾರ್ಲ್ ಫೋನ್ ಡ್ರೈಸ್ ಓಡಿಸಿದ ಮರದ ಗಾಡಿಗೆ ಪೆಡಲುಗಳೇ ಇರಲಿಲ್ಲ. 1870ರ ದಶಕದ ಎತ್ತರದ ಗಾಲಿಯ ಸೈಕಲ್ಲಿನಲ್ಲಿ ಪೆಡಲುಗಳು ಮುಂದಿನ ಗಾಲಿಗೇ ಅಂಟಿಕೊಂಡಿದ್ದವು. 1885ರಲ್ಲಿ ಕೊವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿಯ ರೋವರ್ ಸೈಕಲ್ಲು ಚೈನಿನ ಮೂಲಕ ಹಿಂದಿನ ಗಾಲಿಯನ್ನು ತಿರುಗಿಸಿತು. ಅದರ ಬಳಿಕ ಕೆಲವೇ ವರ್ಷಗಳಲ್ಲಿ ಚೌಕಟ್ಟು ಇಂದಿನ ವಜ್ರಾಕೃತಿಗೆ ಬಂದು ನಿಂತು, ಕಾಲು ತೂರಿಸುವಷ್ಟು ತ್ರಿಕೋನ ದೊರಕಿತು.

ಆದರೆ ಅಷ್ಟೇ ಸಾಲದು. ನಮ್ಮಲ್ಲಿ ‘ಅರ್ಧ ಕತ್ತರಿ’, ‘ಪೂರಾ ಕತ್ತರಿ’ ಎಂಬ ಭೇದವಿತ್ತು. ಅರ್ಧ ಕತ್ತರಿಯಲ್ಲಿ ಪೆಡಲನ್ನು ಪೂರ್ತಿ ಸುತ್ತಿಸದೆ, ಅರ್ಧ ತುಳಿದು, ಕಿಟಕಿಟ ಸದ್ದಿನೊಂದಿಗೆ ಹಿಂದಕ್ಕೆ ತಂದು ಮತ್ತೆ ತುಳಿಯುತ್ತಾರೆ. ಪೆಡಲು ಗಾಲಿಯೊಂದಿಗೆ ಬಿಡದೆ ತಿರುಗುವ ಹಳೆಯ ಸೈಕಲ್ಲಿನಲ್ಲಿ ಇದು ಸಾಧ್ಯವೇ ಇಲ್ಲ; ಹಿಂದಿನ ಗಾಲಿಯ ಹಲ್ಲುಚಕ್ರವಾದ ಫ್ರೀವೀಲಿನೊಳಗಿನ ಸಣ್ಣ ಕೊಕ್ಕೆಗಳು ಮುಂದಕ್ಕೆ ಹಲ್ಲು ಹಿಡಿದು ಹಿಂದಕ್ಕೆ ಜಾರಬೇಕು. ಅಂಗಡಿಯವರು ಆ ಕೊಕ್ಕೆಗೆ ‘ಕುತ್ತಾ’ ಎನ್ನುವುದನ್ನು ಕೇಳಿದ್ದೇನೆ. ಕಚ್ಚಿ ಹಿಡಿಯುವ ಕೆಲಸಕ್ಕೆ ನಾಯಿಯ ಹೆಸರು ಬಹಳ ಒಪ್ಪುತ್ತದೆ. ಫ್ರೀವೀಲು ಬಳಕೆಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಾದ್ದರಿಂದ, ‘ಅರ್ಧ ಕತ್ತರಿ’ ಇಪ್ಪತ್ತನೆಯ ಶತಮಾನದ ಮಾತೆಂದು ಧಾರಾಳವಾಗಿ ಹೇಳಬಹುದು.

ಮೂಲದ ಬಗ್ಗೆ ನನ್ನ ಊಹೆ ಹೀಗಿದೆ. 1956ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದ ನಮ್ಮ ಕಡೆ ಸೈಕಲ್ ಅಂಗಡಿಯ ಮಾತೆಲ್ಲ ಉರ್ದುವಿನದು: ಹವಾ (ಗಾಳಿ), ಗದ್ದಿ (ಸೀಟು), ಚಿಮಟಾ (ಗಾಲಿಯನ್ನು ಹಿಡಿಯುವ ಕವೆ). ಉರ್ದು, ಹಿಂದಿಗಳಲ್ಲಿ ಇದೇ ತುಳಿತಕ್ಕೆ ‘ಕೈಂಚಿ’ ಎನ್ನುತ್ತಾರೆ; ತುರ್ಕಿ ಮೂಲದ ಆ ಪದಕ್ಕೂ ಕತ್ತರಿ ಎಂದೇ ಅರ್ಥ. ಹವಾ, ಗದ್ದಿಗಳನ್ನು ಇದ್ದಂತೆಯೇ ತೆಗೆದುಕೊಂಡವರು ಕೈಂಚಿಯನ್ನು ಮಾತ್ರ ಕನ್ನಡಿಸಿದ್ದೇಕೆ ಎಂಬುದು ನನ್ನನ್ನು ಕಾಡುವ ಪ್ರಶ್ನೆ. ವಸ್ತುವಿನ ಹೆಸರನ್ನು ಅಂಗಡಿಯವನು ಕೊಟ್ಟ, ಆಟದ ಹೆಸರನ್ನು ಮಕ್ಕಳು ತಮ್ಮ ಮನೆಮಾತಿನಲ್ಲಿ ಇಟ್ಟುಕೊಂಡರು ಎಂದು ನನಗನ್ನಿಸುತ್ತದೆ. ಮೈಸೂರು ಕಡೆಯ ಗೆಳೆಯರು ‘ಒಳಪೆಡಲ್’ ಎನ್ನುತ್ತಾರೆ; ಅದು ಕಾಲಿರುವ ಜಾಗವನ್ನು ಹೇಳುತ್ತದೆ, ನಮ್ಮದು ಕಾಲಿನ ಆಕಾರವನ್ನು.

ಪದ ಮರೆಯಾದದ್ದಕ್ಕೆ ಕಾರಣ ಹುಡುಕುವುದು ಕಷ್ಟವಲ್ಲ. ಮಕ್ಕಳ ಎತ್ತರಕ್ಕೆ ತಕ್ಕ ಸಣ್ಣ ಗಾಲಿಯ ಸೈಕಲ್ಲುಗಳು ಬಂದವು, ಗೇರಿನ ಸೈಕಲ್ಲುಗಳಲ್ಲಿ ದಂಡ ಇಳಿಜಾರಾಯಿತು, 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರ ಕೊಡತೊಡಗಿದ ಸೈಕಲ್ಲುಗಳಲ್ಲಿ ಹುಡುಗಿಯರದಕ್ಕೆ ಮೇಲಿನ ದಂಡವೇ ಇರಲಿಲ್ಲ.

ಬೀದರ್, ಯಾದಗಿರಿ ಕಡೆಯವರಲ್ಲಿ ನನ್ನ ವಿನಂತಿ: ನಿಮ್ಮಲ್ಲಿ ಬಾಲ್ಯದಲ್ಲಿ ‘ಕತ್ತರಿ’ ಎನ್ನುತ್ತಿದ್ದರೋ, ‘ಕೈಂಚಿ’ ಎಂದೇ ಅನ್ನುತ್ತಿದ್ದರೋ? ದಕ್ಷಿಣಕ್ಕೆ ಹೋದಂತೆ ಯಾವ ಊರಿನಿಂದ ‘ಒಳಪೆಡಲ್’ ಆರಂಭವಾಗುತ್ತದೆ?